ಎಂಟು ಇಂಚು ಇಳಿದ ಟಾಪು

ಆ ಶನಿವಾರದ ರಾದ್ಧಾಂತಕ್ಕೆಲ್ಲ ಕಾರಣ ಒಂದಿಂಚು ಅಗಲದ ಟೇಪು. ಗೋಡೆಗೆ ಬಣ್ಣ ಹೊಡೆಯುವವರು ಅಂಚಿಗೆ ಅಂಟಿಸುತ್ತಾರಲ್ಲ, ಆ ಹಳದಿ ಟೇಪು. ಹಳೇ ಪಿಕಪ್ ಗಾಡಿಯ ಟಾಪನ್ನು ಹೊತ್ತ ಕಂಬಗಳಿಗೆ, ಎಡಕ್ಕೂ ಬಲಕ್ಕೂ, ಮೇಲೊಂದು ಕೆಳಗೊಂದು ಸುತ್ತು ಟೇಪು ಬಿಗಿದು, "ನಡುವೆ ನಾಲ್ಕಿಂಚು ತೆಗೀಬೇಕು, ಅಷ್ಟೇ" ಅಂತ ಲೋವೆಲ್ ಟ್ವೇಟ್ ಹೇಳಿದ. ಟೇಪಿನ ಒಳ ಅಂಚಿಗೆ ಕೊಯ್ಯಬೇಕೋ ಹೊರ ಅಂಚಿಗೋ ಅಂತ ಅವನು ಹೇಳಲಿಲ್ಲ, ಕೊಯ್ಯಲು ಬಂದ ಗೆಳೆಯರಿಬ್ಬರೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ನಮ್ಮ ಅಯೋವಾದ ಗಂಡಸರು ಗ್ಯಾರೇಜಿನೊಳಗೆ ಅಂಥ ಕೆಲಸ ಮಾಡುವವರಲ್ಲ.

ಗಾಡಿ ಲೋವೆಲ್‌ನ ದೊಡ್ಡಪ್ಪ ಹಾಲ್ವರ್ ಟ್ವೇಟ್‌ದು. ಸಾವಿರದ ಒಂಬೈನೂರ ಐವತ್ತರ ಪಿಕಪ್, ಬಟಾಣಿ ಹಸಿರು ಬಣ್ಣ. ಹಾಲ್ವರ್ ಅದನ್ನು ಐವತ್ತೊಂದು ವರ್ಷ ಒರೆಸಿ ಒರೆಸಿ, ಬೇರೆ ಯಾರ ಕೈಗೂ ಸ್ಟೀರಿಂಗ್ ಚಕ್ರ ಕೊಡದೆ ಓಡಿಸಿ, ಹೋದ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ತೀರಿಕೊಂಡವನ ಭಯ ಯಾರಿಗೂ ಇರಲಿಲ್ಲ. ಭಯವೆಲ್ಲ ಬದುಕಿದ್ದ ಆರ್ಡಿಸ್ ದೊಡ್ಡಮ್ಮನದು.

ಹೆಸರಿಗೆ ದೊಡ್ಡಮ್ಮ. ಎತ್ತರ ನಾಲ್ಕು ಅಡಿ ಒಂಬತ್ತು ಇಂಚು, ವಯಸ್ಸು ಎಂಬತ್ತನಾಲ್ಕು. ಅವರು ಜೋರು ಮಾಡಿದ್ದನ್ನು ಯಾರೂ ಕೇಳಿಲ್ಲ, ಮಾಡುವ ಅಗತ್ಯ ಅವರಿಗೆ ಬಿದ್ದಿಲ್ಲ. ಸುಮ್ಮನೆ ನೋಡಿ, "ಬೇರೆ ಥರಾ ಇದೆ" ಅಂದರೆ ಮುಗಿಯಿತು. ಹೊಸ ಪಾದ್ರಿ ಚರ್ಚಿನಲ್ಲಿ ಗಿಟಾರ್ ಬಾರಿಸಿದಾಗ ಹಾಗೆ ಅಂದಿದ್ದರು. ಆ ಪಾದ್ರಿ ಈಗ ಅಲಾಸ್ಕಾದಲ್ಲಿದ್ದಾನೆ.

ಹಾಲ್ವರ್‌ನನ್ನು ಮಣ್ಣು ಮಾಡಿ ಬಂದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ, ದೊಡ್ಡಮ್ಮ ಹ್ಯಾಮ್ ಸ್ಯಾಂಡ್‌ವಿಚ್ ಕೆಳಗಿಟ್ಟು ಹೇಳಿದ್ದರು: "ಗಾಡಿ ತಗೊಂಡು ಹೋಗು ಲೋವೆಲ್. ಒಂದು ವರ್ಷ ನೋಡ್ತೀನಿ. ನಿನ್ನ ದೊಡ್ಡಪ್ಪ ಇಟ್ಟ ಹಾಗೇ ಇಟ್ಕೊಂಡಿದ್ರೆ ಗಾಡಿ ಕಾಗದಕ್ಕೆ ಸಹಿ ಹಾಕ್ಕೊಡ್ತೀನಿ. ಇಲ್ಲಾಂದ್ರೆ ರೋಲಿನ್‌ಗೆ ಕೊಡ್ತೀನಿ." ರೋಲಿನ್ ಅಂದರೆ ಡಿಮಾಯ್ನ್ ಪಟ್ಟಣದಲ್ಲಿರುವವನು, ಹಾಲ್ವರ್‌ನ ಇನ್ನೊಬ್ಬ ತಮ್ಮನ ಮಗ. ಗಾಡಿ ಅವನ ಕೈಗೆ ಹೋದರೆ ವಾರದೊಳಗೆ ಯಾವನೋ ಸಾಹುಕಾರನ ಗಾಜಿನ ಕೋಣೆಯಲ್ಲಿರುತ್ತದೆ. ಇದು ಇಡೀ ಊರಿಗೆ ಗೊತ್ತಿದ್ದ ವಿಷಯ.

ಲೋವೆಲ್‌ಗೆ ಐವತ್ತಾರು ವರ್ಷ. ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಇದ್ದದ್ದು ಒಂದೇ ಆಸೆ. ಹದಿನಾಲ್ಕನೇ ವಯಸ್ಸಿನಿಂದ ದೊಡ್ಡಪ್ಪನ ಗಾಡಿ ನೋಡಿದಾಗೆಲ್ಲ ಅವನ ಕಣ್ಣಿಗೆ ಅದು ಸ್ಟ್ರೀಟ್ ರಾಡ್ ಆಗಿ ಕಾಣುತ್ತಿತ್ತು: ಹೊಸ ಇಂಜಿನ್ನು ಕೂರಿಸಿ, ಮೈ ನೆಲಕ್ಕೆ ಇಳಿಸಿ, ಟಾಪು ಕೊಯ್ದು ಗಿಡ್ಡ ಮಾಡಿ, ಮೊಣಕೈ ಕಿಟಕಿಯ ಮೇಲಿಟ್ಟು ಗುರುಗುಟ್ಟಿಸಿಕೊಂಡು ಮೇನ್ ಸ್ಟ್ರೀಟಿನಲ್ಲಿ ನಿಧಾನ ಹೋಗುವುದು. ಪಾಪ, ಎಷ್ಟು ದಿನ ತಡೆದುಕೊಂಡಾನು? ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಒಳಗಿನದೆಲ್ಲ ಬದಲಾಯಿಸಿಬಿಟ್ಟ. ಹೊರಗಿನಿಂದ ನೋಡಿದರೆ ಅದೇ ಬಟಾಣಿ ಹಸಿರು ಗಾಡಿ. ಟಾಪು ಮಾತ್ರ ಸಹಿ ಆದ ಮೇಲೆ ಅಂತ ತನಗೆ ತಾನೇ ಆಣೆ ಹಾಕಿಕೊಂಡಿದ್ದ.

ಗುರುವಾರ ದೊಡ್ಡಮ್ಮ ಫೋನು ಮಾಡಿ, "ವರ್ಷ ಆಯ್ತು. ಕಾಗದ ಶನಿವಾರ ಕೈಗೆ ಬರುತ್ತೆ" ಅಂದರು. ಲೋವೆಲ್‌ಗೆ ಅಷ್ಟೇ ಸಾಕಾಯಿತು. ಶನಿವಾರ ಬೆಳಿಗ್ಗೆ ಎಂಟಕ್ಕೇ ಗೆಳೆಯರನ್ನು ಕರೆಸಿದ.

ಎಡಗಡೆ ನಿಂತವನು ಡ್ವೇನ್, ನಲವತ್ತು ವರ್ಷ ಗಾಡಿಗಳ ಮೈ ತಟ್ಟಿ ನಿವೃತ್ತನಾದವನು. ಬಲಗಡೆ ಗೇಲೆನ್, ಶಾಲೆ ಬಸ್ಸಿನ ಡ್ರೈವರ್, ಎಲ್ಲ ವಿಡಿಯೋದಲ್ಲಿ ನೋಡಿ ಕಲಿತವನು. ಡ್ವೇನ್ ಟೇಪಿನ ಒಳ ಅಂಚಿಗೆ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಿಡಿದ. ಗೇಲೆನ್ ಹೊರ ಅಂಚಿಗೆ ಹಿಡಿದ. ಕಿಡಿ ಹಾರಿತು, ಸುಟ್ಟ ಬಣ್ಣದ ನಾತ ತುಂಬಿತು. ಮೂವರೂ ಸೇರಿ ಟಾಪನ್ನು ಎತ್ತಿ, ತುಂಡುಗಳನ್ನು ತೆಗೆದು, ಮತ್ತೆ ಕೂರಿಸಿ, ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್ ಕೊಟ್ಟು, ಹಿಂದಕ್ಕೆ ಸರಿದು ನೋಡಿದರು.

ಟಾಪು ಬಲಕ್ಕೆ ವಾಲಿತ್ತು.

"ನೆಲ ವಾರೆ ಇದೆ ಅನ್ಸುತ್ತೆ," ಅಂದ ಗೇಲೆನ್.

"ನೆಲ ಅಲ್ಲ ಕಣೋ, ನಿನ್ನ ತಲೆ ವಾರೆ ಇರೋದು!" ಅಂತ ಡ್ವೇನ್ ಅಳತೆಪಟ್ಟಿ ಹಿಡಿದ. ಎಡಗಡೆ ನಾಲ್ಕಿಂಚು ಹೋಗಿತ್ತು. ಬಲಗಡೆ ಆರು. "ಟೇಪಿನ ಹೊರಗೆ ಯಾವನಾದ್ರೂ ಕೊಯ್ತಾನೇನೋ? ಬಸ್ ಓಡಿಸೋನ ಕೈಗೆ ಗ್ರೈಂಡರ್ ಕೊಟ್ರೆ ಇಷ್ಟೇ."

"ಟೇಪಿನ ಒಳಗೆ ಕೊಯ್ದ್ರೆ ಟೇಪು ಯಾಕೆ ಅಂಟಿಸ್ಬೇಕು? ಅಲಂಕಾರಕ್ಕಾ?"

ಅಷ್ಟರಲ್ಲಿ ಎದುರುಮನೆಯ ಲವೋನ್ ರೂಬಾರ್ಬ್ ಅನ್ನುವ ಹುಳಿ ದಂಟಿನ ಸಿಹಿತುಂಡಿನ ತಟ್ಟೆ ಹಿಡಿದು ಒಳಗೆ ಬಂದರು. ಕಿಡಿಯ ಸದ್ದಿಗೆ ಬಂದದ್ದು, ತಟ್ಟೆ ನೆಪಕ್ಕೆ. ಗಾಡಿಯನ್ನು ತಲೆ ಓರೆ ಮಾಡಿಕೊಂಡು ನೋಡಿ, "ಅಯ್ಯೋ, ಕುಡಿದು ಮನೆಗೆ ಬಂದೋನ ಟೋಪಿ ಥರಾ ಕಾಣ್ತಿದೆಯಲ್ಲಪ್ಪಾ," ಅಂದರು.

ಆಗಲೇ ಲೋವೆಲ್‌ನ ಫೋನು ಕೂಗಿದ್ದು. ಪರದೆಯ ಮೇಲೆ ದೊಡ್ಡಮ್ಮನ ಹೆಸರು.

"ಲೋವೆಲ್, ಕಾಗದ ನನ್ನ ಕೈಚೀಲದಲ್ಲಿದೆ," ಅಂದರು ದೊಡ್ಡಮ್ಮ. "ಸಹಿ ಇನ್ನೂ ಹಾಕಿಲ್ಲ. ಹಾಕೋಕೆ ಮುಂಚೆ ಒಂದ್ಸಲ ಗಾಡಿ ನೋಡ್ಬೇಕು, ಒಂದ್ಸಲ ಅದರಲ್ಲಿ ಕೂತ್ಕೋಬೇಕು. ನಾಲ್ಕು ಗಂಟೆಗೆ ಚರ್ಚಿನ ವ್ಯಾನಿನವನು ತಂದು ಬಿಡ್ತಾನೆ. ಗಾಡಿ ಹೇಗಿತ್ತೋ ಹಾಗೇ ಇದೆ ತಾನೇ?"

ಲೋವೆಲ್ ಗಾಡಿ ನೋಡಿದ. "ಹಾಗೇ ಇದೆ ದೊಡ್ಡಮ್ಮ," ಅಂದುಬಿಟ್ಟ.

ಫೋನು ಇಟ್ಟು ಗೆಳೆಯರ ಕಡೆ ತಿರುಗಿದ. "ಮುಗೀತು. ರೋಲಿನ್‌ಗೆ ಹೋಯ್ತು ಗಾಡಿ. ತುಂಡು ವಾಪಸ್ ಸೇರಿಸ್ರೋ! ಹೇಗಿತ್ತೋ ಹಾಗೆ ಮಾಡ್ರೋ!"

"ಸೇರಿಸ್ಬಹುದು, ಯಾಕಾಗಲ್ಲ," ಅಂದ ಡ್ವೇನ್, ತಣ್ಣಗೆ. "ಬ್ಲೇಡು ತಿಂದಿರೋ ಜಾಗ ತುಂಬಿ, ಉಜ್ಜಿ, ಬಣ್ಣ ಹೊಡೆದು... ಐದು ದಿನ ಬೇಕು."

"ಐದು ಗಂಟೇನೂ ಇಲ್ಲ ಮಾರಾಯ!"

ಗೇಲೆನ್ ಒಂದು ಉಪಾಯ ಹೇಳಿದ. ಅವತ್ತಿನ ಇಡೀ ಅನಾಹುತದಲ್ಲಿ ಟೇಪಿನದು ಮೊದಲ ತಪ್ಪಾದರೆ ಇದು ಎರಡನೆಯದು. "ನೋಡು ಲೋವೆಲ್, ವಾರೆ ಇದ್ರೆ ಎಂಥವರಿಗೂ ಕಣ್ಣಿಗೆ ಹೊಡೆಯುತ್ತೆ. ನೇರ ಇದ್ರೆ ಯಾರಿಗೆ ಗೊತ್ತಾಗುತ್ತೆ? ಎಡಗಡೆನೂ ಎರಡಿಂಚು ತೆಗೆದುಬಿಡು. ಎರಡೂ ಕಡೆ ಸಮ. ಮುದುಕಿ ಕಣ್ಣಿಗೆ ಆರಿಂಚು ಎಲ್ಲಿ ಕಾಣುತ್ತೆ, ಪೊರೆ ಬಂದಿದೆ ಅಂತಿದ್ರಲ್ಲ."

"ಪೊರೆ ಆಪರೇಷನ್ ಹೋದ ತಿಂಗಳೇ ಆಯ್ತು," ಅಂದರು ಲವೋನ್, ಸಿಹಿತುಂಡು ಅಗಿಯುತ್ತ. "ಮೊನ್ನೆ ಚರ್ಚಲ್ಲಿ ಹಿಂದಿನ ಸಾಲಿಂದಾನೇ ನನ್ನ ಕಾಲ್ಚೀಲದ ತೂತು ಕಂಡುಹಿಡಿದ್ರು."

ಆದರೆ ಲೋವೆಲ್‌ಗೆ ಬೇರೆ ದಾರಿ ಏನಿತ್ತು? ಮತ್ತೆ ಟೇಪು ಬಂತು. ಎಡಗಂಬಗಳಿಗೆ ಎರಡೆರಡು ಸುತ್ತು, ನಡುವೆ ಎರಡಿಂಚು. ಡ್ವೇನ್ ಗ್ರೈಂಡರ್ ಎತ್ತಿಕೊಂಡ. ಈ ಸಲ ಮತ್ತೆ ವ್ಯತ್ಯಾಸ ಬಂದರೆ ಜಗಳ ತನ್ನ ತಲೆಗೇ ಸುತ್ತಿಕೊಳ್ಳುತ್ತದೆ ಅಂತ, ದೊಡ್ಡ ಮನಸ್ಸು ಮಾಡಿ, ಗೇಲೆನ್‌ನ ಪದ್ಧತಿಯಂತೆ ಹೊರ ಅಂಚಿಗೆ ಕೊಯ್ದ. ಎರಡಿಂಚು ಹೋಗಬೇಕಾದಲ್ಲಿ ನಾಲ್ಕು ಹೋಯಿತು.

ಈಗ ಎಡಗಡೆ ಎಂಟು, ಬಲಗಡೆ ಆರು. ಟಾಪು ಮೊದಲಿನಷ್ಟೇ, ಆದರೆ ಇನ್ನೊಂದು ಕಡೆಗೆ ವಾಲಿತ್ತು.

"ನೀನು ಒಳಗೆ ಕೊಯ್ಯೋನಲ್ವಾ?" ಗೇಲೆನ್ ಚೀರಿದ.

"ನೀನೇ ತಾನೇ ಹೊರಗೆ ಅಂದಿದ್ದು!"

ಬೆಕ್ಕುಗಳ ಬೆಣ್ಣೆ ಪಾಲು ಮಾಡಿದ ಕೋತಿಯ ಹಾಗೆ ಇವರು ಟಾಪನ್ನು ಪೂರ್ತಿ ತಿಂದುಹಾಕುತ್ತಾರೆ ಅಂತ ಲೋವೆಲ್‌ಗೆ ನಡುಕ ಹುಟ್ಟಿತು. ಗ್ರೈಂಡರ್ ಕಿತ್ತುಕೊಂಡು, ಟೇಪನ್ನು ಕಿಟಕಿಯಾಚೆ ಎಸೆದು, ಪೆನ್ಸಿಲಿನಲ್ಲಿ ಗೆರೆ ಹಾಕಿ, ಬಲಗಡೆಯ ಎರಡಿಂಚನ್ನು ತಾನೇ ಕೊಯ್ದ. ಸರಿಯಾಗಿ ಎರಡೇ ಇಂಚು. ಡ್ವೇನ್ ಎಂಟು ಕಡೆ ಚುಕ್ಕಿ ವೆಲ್ಡಿಂಗ್ ಹಾಕಿದ. ಟಾಪು ನೇರ ಕೂತಿತು, ಮೊದಲಿದ್ದುದಕ್ಕಿಂತ ಎಂಟು ಇಂಚು ಕೆಳಗೆ. ಮುಂದಿನ ಗಾಜಿನ ಜಾಗ ಅಂಚೆಪೆಟ್ಟಿಗೆಯ ಬಾಯಿಯಷ್ಟು ಉಳಿದಿತ್ತು. ಗಾಜು ಹಾಕುವ ಮಾತಂತೂ ಇರಲೇ ಇಲ್ಲ.

"ಕೂತು ನೋಡು," ಅಂದ ಡ್ವೇನ್.

ಆರಡಿ ಮೂರಿಂಚಿನ ಲೋವೆಲ್ ಬಾಗಿಲು ತೆಗೆದು ತಲೆ ತೂರಿಸಿದ. ಭುಜ ಸಿಕ್ಕಿತು. ಭುಜ ಇಳಿಸಿದರೆ ತೊಡೆ ಸಿಕ್ಕಿತು. ಹೇಗೋ ನುಗ್ಗಿ ಕೂತಾಗ ಕಿವಿ ಹೆಗಲಿಗೆ ಅಂಟಿತ್ತು, ಕಣ್ಣಿಗೆ ಸ್ವಂತ ಹೊಟ್ಟೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಮೊಣಕೈ ಕಿಟಕಿಯ ಮೇಲಿಡಲು ಹೋದ, ಅದು ಹಿಡಿಸಲೇ ಇಲ್ಲ. ನಲವತ್ತೆರಡು ವರ್ಷದ ಆಸೆ ಅಲ್ಲೇ ಮುದುಡಿ ಕೂತಿತ್ತು. ಇಬ್ಬರೂ ಕಾಲು ಹಿಡಿದು ಎಳೆದು ಅವನನ್ನು ಹೊರಗೆ ತೆಗೆದರು. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಸೀಟು ಇಳಿಸಿದ್ರೆ ಆಗುತ್ತೆ ಬಿಡೋ," ಅಂತ ಗೇಲೆನ್ ಬೆನ್ನು ತಟ್ಟಿದ. "ಈಗ ಸದ್ಯಕ್ಕೆ ಟಾರ್ಪಾಲು ಹೊದಿಸಿಬಿಡೋಣ. ಬಣ್ಣ ಒಣಗ್ತಿದೆ, ಮುಟ್ಟಬಾರ್ದು ಅಂತ ಹೇಳು. ಟಾರ್ಪಾಲಿನ ಕೆಳಗೆ ಒಂದೆರಡು ರಟ್ಟಿನ ಪೆಟ್ಟಿಗೆ ಇಟ್ರೆ ಎತ್ತರಾನೂ ಸರಿಹೋಗುತ್ತೆ."

ಟಾಪಿನ ಮೇಲೆ ಪೆಟ್ಟಿಗೆ ಇಟ್ಟರು, ಟಾರ್ಪಾಲು ಹೊದಿಸಿದರು. ಗ್ಯಾರೇಜಿನಲ್ಲೇ ಬಚ್ಚಿಟ್ಟರೆ ಅನುಮಾನ ಬರುತ್ತದೆ ಅಂತ ಗಾಡಿಯನ್ನು ತಳ್ಳಿ ಅಂಗಳದಲ್ಲಿ ನಿಲ್ಲಿಸಿದರು. ಮೂರು ಗಂಟೆಯ ಹೊತ್ತಿಗೆ ಲೋವೆಲ್ ತಲೆ ಎತ್ತಿ ನೋಡಿದರೆ ಅಂಗಳದ ಸುತ್ತ ಮಡಿಸುವ ಕುರ್ಚಿ ಹಾಕಿಕೊಂಡು ಹದಿನಾಲ್ಕು ಜನ ಕೂತಿದ್ದರು. ಒಬ್ಬರ ಕೈಯಲ್ಲಿ ಐಸ್ ಟೀ, ಇನ್ನೊಬ್ಬರ ಕೈಯಲ್ಲಿ ಬೀಸಣಿಗೆ.

"ಯಾರು ಕರೆದಿದ್ದು ಇವ್ರನ್ನೆಲ್ಲ?"

"ನಾನ್ಯಾಕೆ ಕರೀಲಿ?" ಅಂದರು ಲವೋನ್. "ಆರ್ಡಿಸ್ ಬರ್ತಿದ್ದಾರೆ ಅಂತ ಇಬ್ಬರಿಗೆ ಹೇಳಿದೆ, ಅಷ್ಟೇ. ಪಾಪ, ನಿನ್ನ ಜೊತೆಗೆ ಯಾರಾದ್ರೂ ಇರ್ಲಿ ಅಂತ."

ಮೂರೂವರೆಗೇ ಚರ್ಚಿನ ವ್ಯಾನು ಬಂತು. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗದಿದ್ದರೆ ದೊಡ್ಡಮ್ಮನ ಲೆಕ್ಕದಲ್ಲಿ ಅದು ತಡ. ನೀಲಿ ಹೂವಿನ ಉಡುಪು, ಬಿಳಿ ಟೋಪಿ, ಎದೆಗೆ ಅವಚಿದ ಕೈಚೀಲ. ಅವರು ಇಳಿಯುತ್ತಿದ್ದಂತೆ ಬೀಸಣಿಗೆಗಳು ನಿಂತವು.

"ಬಣ್ಣ ದೊಡ್ಡಮ್ಮ... ಬಣ್ಣ ಒಣಗ್ತಿದೆ..." ಲೋವೆಲ್ ಅಡ್ಡ ನಿಂತ. "ಮುಟ್ಟಬಾರ್ದು... ನಾಳೆ..."

ದೊಡ್ಡಮ್ಮ ಅವನ ಹೊಟ್ಟೆಯ ಮಟ್ಟದಿಂದ ತಲೆ ಎತ್ತಿ ಅವನ ಮುಖ ನೋಡಿದರು. ಅವನು ಪಕ್ಕಕ್ಕೆ ಸರಿದ. ಅವರು ಟಾರ್ಪಾಲಿನ ಚುಂಗು ಹಿಡಿದು ಎಳೆದರು. ಟಾರ್ಪಾಲು ಬಂತು, ರಟ್ಟಿನ ಪೆಟ್ಟಿಗೆಗಳು ಒಂದೊಂದಾಗಿ ಅಂಗಳಕ್ಕೆ ಉರುಳಿದವು. ಎಂಟು ಇಂಚು ಕುಗ್ಗಿದ ಹಸಿರು ಗಾಡಿ ಬಿಸಿಲಿಗೆ ಬಂತು.

ದೊಡ್ಡಮ್ಮ ನೋಡಿದರು. ಗಾಡಿಯ ಸುತ್ತ ಒಂದು ಸಲ ಬಂದರು. ಕೊಯ್ದ ಕಂಬದ ಮೇಲೆ ಬೆರಳಾಡಿಸಿದರು.

"ಬೇರೆ ಥರಾ ಇದೆ," ಅಂದರು.

ಯಾರೋ ಕುರ್ಚಿಯಲ್ಲಿ "ಅಯ್ಯೋ ದೇವರೇ" ಅಂತ ಉಸಿರುಬಿಟ್ಟರು. ಲೋವೆಲ್ ಕಣ್ಣು ಮುಚ್ಚಿದ. ರೋಲಿನ್ ಬಂದು ಗಾಡಿ ಎಳೆದುಕೊಂಡು ಹೋಗುವುದು ಅವನಿಗೆ ಕಂಡೇ ಹೋಯಿತು.

ಬಾಗಿಲು ತೆಗೆದ ಸದ್ದಾಯಿತು. ಕಣ್ಣು ಬಿಟ್ಟರೆ ದೊಡ್ಡಮ್ಮ ಒಳಗೆ, ಚಕ್ರದ ಹಿಂದೆ, ನೆಟ್ಟಗೆ ಕೂತಿದ್ದರು. ಚಳಿಗಾಲದಲ್ಲಿ ಲೋವೆಲ್ ಹಾಕಿದ್ದ ಸೀಟು ಯಾವುದೋ ಪುಟ್ಟ ಕಾರಿನದು. ಅವರು ಅದನ್ನು ಜಗ್ಗಿ ಮುಂದಕ್ಕೆ ತಂದುಕೊಂಡರು. ಕಾಲು ಚಾಚಿದರು, ಎಟಕಿತು. ಕ್ಲಚ್ ಹೋಗಿ ತಾನೇ ಬದಲಾಗುವ ಗೇರು ಬಂದಿದ್ದರಿಂದ ಒತ್ತಲಿಕ್ಕೆ ಇದ್ದದ್ದು ಎರಡೇ ಪೆಡಲು. ಹಾಲ್ವರ್‌ನ ಬಂಡಿಗಾಲಿಯಂಥ ಚಕ್ರದ ಬದಲು ಊಟದ ತಟ್ಟೆಯಷ್ಟೇ ಚಕ್ರ, ಎರಡು ಪುಟ್ಟ ಕೈಗೆ ಸರಿಯಾಗಿ ಸಿಕ್ಕಿತು. ಬಿಳಿ ಟೋಪಿ ಟಾಪಿಗೆ ಒಂದು ಕೂದಲೆಳೆ ಕೆಳಗೆ ನಿಂತಿತು. ಅಂಚೆಪೆಟ್ಟಿಗೆಯ ಬಾಯಿಯಲ್ಲಿ ಎರಡು ಕಣ್ಣು ಹೊರಗೆ ನೋಡಿದವು.

ಆ ಕಣ್ಣು ತುಂಬಿ ಬಂದವು.

"ಐವತ್ತೊಂದು ವರ್ಷ," ಅಂದರು ದೊಡ್ಡಮ್ಮ. "ಐವತ್ತೊಂದು ವರ್ಷ ಆ ಮನುಷ್ಯ, 'ನಿನ್ನ ಕಾಲು ಎಟಕಲ್ಲ ಆರ್ಡಿಸ್, ಸುಮ್ಮನೆ ಪಕ್ಕದಲ್ಲಿ ಕೂತ್ಕೋ' ಅಂದ. ಒಂದು ದಿನ, ಒಂದೇ ಒಂದು ದಿನ ಇದನ್ನ ಓಡಿಸ್ಬೇಕು ಅಂತ ನಂಗೆ ಎಷ್ಟಿತ್ತು ಗೊತ್ತೇನೋ? ಯಾರಿಗೂ ಹೇಳಿರಲಿಲ್ಲ. ನಿಂಗೆ ಹೇಗೋ ಗೊತ್ತಾಯ್ತು ಲೋವೆಲ್? ನನ್ನ ಅಳತೆಗೇ ಹೊಲಿಸಿದ ಹಾಗೆ ಮಾಡಿಸಿದ್ದೀಯಲ್ಲೋ!"

ಲೋವೆಲ್‌ಗೆ ಮೊದಲು ಬದುಕಿದೆ ಅನ್ನಿಸಿತು. ಆ ಖುಷಿಯಲ್ಲಿ ಅವನು ದಿನದ ಮೂರನೆಯ ತಪ್ಪು ಮಾಡಿದ. ನಮ್ಮ ಕಡೆ ಯಾರು ಏನು ಕೊಟ್ಟರೂ, ಒಂದು ಲೋಟ ಕಾಫಿಯಾದರೂ ಸರಿ, ಎರಡು ಸಲ "ಬೇಡ ಬೇಡ" ಅಂದು ಮೂರನೇ ಸಲಕ್ಕೆ ತೆಗೆದುಕೊಳ್ಳಬೇಕು. ಹಾಗಾಗಿ ಕೊಡುವವರಿಗೆ ಯಾವ ಅಪಾಯವೂ ಇಲ್ಲ. ಒಂದು ಸಲ ಹೇಳಿ ಮರ್ಯಾದೆ ಉಳಿಸಿಕೊಂಡು ಸುಮ್ಮನಾಗಬಹುದು. ಊರೆಲ್ಲ ನೋಡುತ್ತಿತ್ತು, ಅದಕ್ಕೆ ಲೋವೆಲ್ ಎದೆಯ ಮೇಲೆ ಕೈಯಿಟ್ಟು ಹೇಳಿದ: "ನಿಮಗೋಸ್ಕರವೇ ದೊಡ್ಡಮ್ಮ. ಗಾಡಿ ನೀವೇ ಇಟ್ಕೊಳ್ಳಿ."

"ಆಯ್ತು," ಅಂದರು ದೊಡ್ಡಮ್ಮ.

ಒಂದೇ ಸಲಕ್ಕೆ! ಕುರ್ಚಿಗಳಲ್ಲಿ ಕೂತವರು ಮುಖ ಮುಖ ನೋಡಿಕೊಂಡರು. ಎಂಬತ್ತನಾಲ್ಕು ವರ್ಷದಲ್ಲಿ ಆರ್ಡಿಸ್ ಟ್ವೇಟ್ ಒಂದೇ ಸಲಕ್ಕೆ ತೆಗೆದುಕೊಂಡದ್ದು ಅದೊಂದೇ. ಕೈಚೀಲದಿಂದ ಅರ್ಧ ಹೊರಬಂದಿದ್ದ ಕಾಗದ ಮತ್ತೆ ಒಳಗೆ ಹೋಯಿತು, ಚೀಲದ ಬಾಯಿ ಟಪ್ ಅಂತ ಮುಚ್ಚಿತು. 'ಇಲ್ಲ, ನಿಮಗಲ್ಲ, ಟೇಪಿನ ತಪ್ಪು' ಅಂದರೆ ಗಾಡಿ ರೋಲಿನ್‌ಗೆ. ಸುಮ್ಮನಿದ್ದರೆ ಗಾಡಿ ದೊಡ್ಡಮ್ಮನಿಗೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಲವೋನ್ ಮೂಗು ಒರೆಸಿಕೊಳ್ಳುತ್ತಿದ್ದರು.

"ನೋಡ್ತಾ ಏನು ನಿಂತಿದ್ದೀಯ? ಹತ್ತು," ಅಂದರು ದೊಡ್ಡಮ್ಮ. "ಒಂದು ಸುತ್ತು ಹೋಗ್ಬರೋಣ."

"ನಾನು... ನಾನು ಹಿಡಿಸಲ್ಲ ದೊಡ್ಡಮ್ಮ..."

"ಬಗ್ಗಿ ಕೂತ್ಕೋ. ನಾನು ಐವತ್ತೊಂದು ವರ್ಷ ಆ ಪಕ್ಕದಲ್ಲಿ ಕೂತಿದ್ದೀನಿ."

ಡ್ವೇನ್ ಒಂದು ಕಾಲು, ಗೇಲೆನ್ ಒಂದು ಕಾಲು ಹಿಡಿದು ಲೋವೆಲ್‌ನನ್ನು ಪಕ್ಕದ ಸೀಟಿಗೆ ತುಂಬಿ, ಬಾಗಿಲನ್ನು ಭುಜ ಕೊಟ್ಟು ಮುಚ್ಚಿದರು. ಅವನ ತಲೆ ಟಾಪಿಗೆ ಒತ್ತಿತ್ತು, ಕೈ ಎರಡೂ ಬೆನ್ನ ಹಿಂದೆ ಸಿಕ್ಕಿದ್ದವು, ಮೊಣಕಾಲು ಗದ್ದದ ಕೆಳಗೆ ಬಂದು ಕೂತಿತ್ತು. ಇಂಜಿನ್ನು ಗುಡುಗಿತು. ದೊಡ್ಡಮ್ಮ ಗೇರಿನ ಕಡ್ಡಿಯನ್ನು ಕೆಳಕ್ಕೆಳೆದದ್ದೇ ತಡ, ಗಾಡಿ ತಾನಾಗಿ ಹೊರಟಿತು.

ಲೋವೆಲ್‌ನ ಮನೆ ಇರುವುದು ಚರ್ಚ್ ಗುಡ್ಡದ ನೆತ್ತಿಯಲ್ಲಿ. ಅಂಗಳ ದಾಟಿದರೆ ನೆಟ್ಟಗೆ ಇಳಿಜಾರು, ತಳದಲ್ಲಿ ಮೇನ್ ಸ್ಟ್ರೀಟು, ಅಡ್ಡಲಾಗಿ ಬ್ಯಾಂಕಿನ ಗೋಡೆ. ಹಿಂದೆ ಡ್ವೇನ್ ಓಡಿ ಬರುತ್ತ, "ಟಾಪು ಬರೀ ಎಂಟು ಚುಕ್ಕಿ ಮೇಲೆ ನಿಂತಿದೆ!" ಅಂತ ಕೂಗುತ್ತಿದ್ದದ್ದು ಕ್ಷೀಣವಾಗಿ ಕೇಳಿಸಿ ಆಮೇಲೆ ಅದೂ ನಿಂತಿತು. ಗಾಜಿಲ್ಲದ ಕಿಂಡಿಯಲ್ಲಿ ಗಾಳಿ ಭೋರೆಂದಿತು. ಇಡೀ ದಿನ ಗಾಡಿ ಕೈಬಿಟ್ಟು ಹೋದರೆ ಅಂತ ನಡುಗಿದ್ದ ಲೋವೆಲ್ ಈಗ ದೇವರ ಹತ್ತಿರ ಒಂದೇ ಬೇಡಿಕೊಂಡ: ರೋಲಿನ್‌ಗೇ ಹೋಗಲಪ್ಪಾ, ಈಗಲೇ ಹೋಗಲಿ, ನನ್ನನ್ನು ಇಳಿಸಿ ಹೋಗಲಿ.

"ಎಷ್ಟು ಹಗುರ ಇದೆಯೋ!" ದೊಡ್ಡಮ್ಮ ಗಾಳಿಗೆ ಎದುರಾಗಿ ಕೂಗಿದರು. ಬ್ಯಾಂಕಿನ ಗೋಡೆ ಕಿಂಡಿ ತುಂಬ ಕಾಣತೊಡಗಿತ್ತು. "ಅದಿರ್ಲಿ ಲೋವೆಲ್, ಇದರಲ್ಲಿ ನಿಲ್ಲಿಸೋದು ಯಾವುದು?"

ಎಡಗಡೆಯದು ಅಂತ ಹೇಳಲು ಲೋವೆಲ್ ಬಾಯಿ ತೆರೆಯಹೋದ. ಮೊಣಕಾಲು ಗದ್ದವನ್ನು ಒತ್ತಿ ಹಿಡಿದಿತ್ತು, ಬಾಯಿ ತೆರೆಯಲಿಲ್ಲ.

"ಇರ್ಲಿ ಬಿಡು, ಇರೋದೇ ಎರಡು. ಒಂದೊಂದಾಗಿ ಒತ್ತಿ ನೋಡ್ತೀನಿ," ಅಂದು ದೊಡ್ಡಮ್ಮ ಬಲಗಡೆಯದರಿಂದ ಶುರು ಮಾಡಿದರು.